ಮೊದಲ ಸ್ಮಾರ್ಟ್ ಫೋನ್ ಬಳಸುವ ಹಿರಿಯ ನಾಗರಿಕರಿಗೆ ಉಪಯುಕ್ತ ಮಾಹಿತಿ

1. ಪೀಠಿಕೆ

ಮಹದೇವಪುರದ ನೆರೆಯ ಪ್ರದೇಶದ ಹೆಸರು ದೂರವಾಣಿನಗರ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಕಾರ್ಖಾನೆಯಿಂದಾಗಿ ಆ ಪ್ರದೇಶಕ್ಕೆ ಈ ಹೆಸರು ಬಂದಿದೆ. ಬೆರಳಿನಿಂದ ತಿರುಗಿಸುವ ಡಯಲ್ ಇದ್ದ ದೂರವಾಣಿಗಳು ಇಲ್ಲಿ ತಯಾರಾಗಿ ದೇಶದ ನಾನಾ ಭಾಗಗಳ ಮನೆ ಹಾಗೂ ಕಛೇರಿಗಳನ್ನು ಸೇರುತ್ತಿದ್ದವು. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಮಹದೇವಪುರ, ಕೃಷ್ಣರಾಜಪುರ ಮತ್ತು ಹೂಡಿಯ ಸುತ್ತಮುತ್ತ ಇಂದಿಗೂ ನೆಲೆಸಿದ್ದಾರೆ. ದೇಶಕ್ಕೆ ದೂರವಾಣಿ ತಯಾರಿಸಿಕೊಟ್ಟ ಕೈಗಳೂ ಸಹ ಮಕ್ಕಳು ತಂದುಕೊಟ್ಟ ಸ್ಮಾರ್ಟ್ ಫೋನನ್ನು ಮುಟ್ಟಲು ಅಳುಕುವುದುಂಟು. ಏನೋ ಒತ್ತಿದರೆ ಏನೋ ಆಗಿ ಬ್ಯಾಂಕಿನಲ್ಲಿರುವ ಹಣ ಹೋದೀತು ಎಂಬುದೇ ಈ ಅಳುಕಿಗೆ ಮುಖ್ಯ ಕಾರಣ.

ಈ ಭಯದಲ್ಲಿ ಅರ್ಧ ನಿಜವಿದೆ. ಫೋನಿನ ಪರದೆಯನ್ನು ತಪ್ಪಾಗಿ ಮುಟ್ಟಿದ ಮಾತ್ರಕ್ಕೆ ಉಪಕರಣ ಕೆಡುವುದಿಲ್ಲ, ಹಣವೂ ಹೋಗುವುದಿಲ್ಲ. ಆದರೆ ಅಪರಿಚಿತರೊಬ್ಬರು ಕರೆ ಮಾಡಿ, ಅವಸರಪಡಿಸಿ, ತಮ್ಮ ಕೈಯಿಂದಲೇ ಕೆಲವು ಗುಂಡಿಗಳನ್ನು ಒತ್ತಿಸಿದರೆ ಜೀವಮಾನದ ಉಳಿತಾಯವೂ ಹೋಗಬಹುದು. ಆದ್ದರಿಂದ ಆತುರಪಡದೆ ಕಲಿಯುವುದು ಮತ್ತು ಆತುರಪಡಿಸುವವರನ್ನು ನಂಬದಿರುವುದು, ಇವೆರಡೇ ಈ ಮಾಹಿತಿಯ ಸಾರಾಂಶವಾಗಿರುತ್ತವೆ. ಅರವತ್ತು ವರ್ಷ ಮೇಲ್ಪಟ್ಟ ಹಿರಿಯರು ಹಾಗೂ ಅವರಿಗೆ ಕಲಿಸುವ ಮನೆಯವರು ಇದರ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.

2. ಹಳೆಯ ದೂರವಾಣಿಗೂ ಸ್ಮಾರ್ಟ್ ಫೋನಿಗೂ ಇರುವ ವ್ಯತ್ಯಾಸ

ಹಳೆಯ ದೂರವಾಣಿಯು ಮಾತನ್ನು ಮಾತ್ರ ಒಯ್ಯುತ್ತಿತ್ತು. ಅದು ನಡುಮನೆಯ ಮೇಜಿನ ಮೇಲಿರುತ್ತಿದ್ದು, ಕರೆ ಮಾಡುವವರೂ ಬಹುತೇಕ ಪರಿಚಿತರೇ ಆಗಿರುತ್ತಿದ್ದರು. ಸ್ಮಾರ್ಟ್ ಫೋನ್ ಮಾತಿನ ಜೊತೆಗೆ ಪತ್ರ, ಛಾಯಾಚಿತ್ರ, ನಕ್ಷೆ, ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯನ್ನು ಒಂದೆಡೆ ಇರಿಸಿರುವ ಪೆಟ್ಟಿಗೆಯಾಗಿದೆ. ಇದರೊಳಗಿನ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಚಿಕ್ಕ ತಂತ್ರಾಂಶವಿರುತ್ತದೆ. ಇದನ್ನು ಆಪ್ ಎನ್ನುತ್ತಾರೆ.

ಈ ಎಲ್ಲ ಕೆಲಸಗಳನ್ನೂ ಕಲಿಯಲೇಬೇಕೆಂಬ ನಿಯಮವಿಲ್ಲ. ಕರೆ, ವೀಡಿಯೊ ಕರೆ, ಸಂದೇಶ ಓದುವುದು, ಚಿತ್ರ ತೆಗೆಯುವುದು ಮತ್ತು ಔಷಧಿಯ ಸಮಯಕ್ಕೆ ಅಲಾರಂ ಇಡುವುದು, ಈ ಐದು ಕೆಲಸಗಳು ಬಂದರೆ ಮೊದಲ ಹಂತ ಪೂರ್ಣವಾದಂತೆ. ಹಣ ಪಾವತಿಯನ್ನು ಕಡೆಯದಾಗಿ ಕಲಿಯುವುದು ಸೂಕ್ತ.

3. ಫೋನ್ ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಅ) ಪರದೆ ದೊಡ್ಡದಾಗಿರಲಿ. ಆದರೆ ಫೋನ್ ಒಂದು ಕೈಯಲ್ಲಿ ಹಿಡಿಯಲು ಭಾರವಾಗಬಾರದು. ಅಂಗಡಿಯಲ್ಲಿಯೇ ಐದು ನಿಮಿಷ ಕೈಯಲ್ಲಿ ಹಿಡಿದು ನೋಡತಕ್ಕದ್ದು.

ಆ) ಗಂಟೆಯ ಶಬ್ದ ಹಾಗೂ ಎದುರಿನವರ ಮಾತು ಸ್ಪಷ್ಟವಾಗಿ ಕೇಳಿಸುವುದೇ ಎಂದು ಪರೀಕ್ಷಿಸಬೇಕು. ಶ್ರವಣ ಸಾಧನ ಬಳಸುವವರು ಅದನ್ನು ಧರಿಸಿಕೊಂಡೇ ಪರೀಕ್ಷಿಸಬೇಕು.

ಇ) ಮನೆಯಲ್ಲಿ ಕಲಿಸುವವರು ಬಳಸುವ ತಯಾರಿಕೆಯ ಫೋನನ್ನೇ ಕೊಂಡರೆ ಕಲಿಕೆ ಸುಲಭವಾಗುತ್ತದೆ. ಒಂದೊಂದು ಕಂಪನಿಯ ಫೋನಿನಲ್ಲಿ ಗುಂಡಿಗಳ ಹೆಸರು ಮತ್ತು ಸ್ಥಾನ ಬೇರೆ ಬೇರೆಯಾಗಿರುತ್ತವೆ.

ಈ) ಸಿಮ್ ಕಾರ್ಡ್ ತಮ್ಮ ಹೆಸರಿನಲ್ಲಿಯೇ ಇರಬೇಕು. ಈಗಾಗಲೇ ಬ್ಯಾಂಕಿಗೂ ಆಧಾರ್‌ಗೂ ನೀಡಿರುವ ಸಂಖ್ಯೆಯನ್ನು ಬದಲಾಯಿಸದಿರುವುದು ಒಳಿತು.

ಉ) ಫೋನಿನ ಡಬ್ಬಿಯನ್ನೂ ರಸೀದಿಯನ್ನೂ ಎಸೆಯಬಾರದು. ಡಬ್ಬಿಯ ಮೇಲೆ ಐಎಂಇಐ ಎಂಬ 15 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಫೋನಿನಲ್ಲಿ *#06# ಎಂದು ಒತ್ತಿದರೂ ಈ ಸಂಖ್ಯೆ ಕಾಣಿಸುತ್ತದೆ. ಇದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

4. ಮೊದಲ ದಿನ ಮಾಡಬೇಕಾದ ಸಿದ್ಧತೆ

ಕೆಳಕಂಡ ಬದಲಾವಣೆಗಳನ್ನು ಮನೆಯವರ ನೆರವಿನಿಂದ ಫೋನಿನ ಸೆಟ್ಟಿಂಗ್ಸ್ ಭಾಗದಲ್ಲಿ ಮಾಡಿಕೊಳ್ಳಬಹುದು.

ಅ) ಭಾಷೆಯನ್ನು ಕನ್ನಡಕ್ಕೆ ಬದಲಾಯಿಸುವುದು. ಪರದೆಯ ಮೇಲಿನ ಹೆಸರುಗಳು ಕನ್ನಡದಲ್ಲಿ ಕಂಡಾಗ ಓದುವ ಭಯ ಕಡಿಮೆಯಾಗುತ್ತದೆ. ಆಂಗ್ಲ ಭಾಷೆಯಲ್ಲಿ ಅಭ್ಯಾಸವಿರುವವರು ಹಾಗೆಯೇ ಮುಂದುವರಿಯಬಹುದು.

ಆ) ಅಕ್ಷರಗಳ ಗಾತ್ರವನ್ನು ಹೆಚ್ಚಿಸುವುದು. ಕನ್ನಡಕವಿಲ್ಲದೆ ಓದಲು ಪ್ರಯತ್ನಿಸಬಾರದು.

ಇ) ಪರದೆ ತಾನಾಗಿ ಆರುವ ಅವಧಿಯನ್ನು ಎರಡು ನಿಮಿಷ ಅಥವಾ ಅದಕ್ಕೂ ಹೆಚ್ಚಿಗೆ ನಿಗದಿಪಡಿಸುವುದು. ಬಹಳಷ್ಟು ಫೋನುಗಳಲ್ಲಿ ಇದು ಅರ್ಧ ನಿಮಿಷವಿದ್ದು, ಒಂದು ಸಾಲು ಓದುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ.

ಈ) ನಿತ್ಯ ಬೇಕಾಗುವ ನಾಲ್ಕೈದು ಆಪ್‌ಗಳನ್ನು ಮಾತ್ರ ಮೊದಲ ಪರದೆಯ ಮೇಲಿರಿಸಿ ಉಳಿದವನ್ನು ಅಲ್ಲಿಂದ ತೆಗೆಯುವುದು.

ಉ) ಮಕ್ಕಳು, ನೆರೆಯವರು ಮತ್ತು ವೈದ್ಯರ ಸಂಖ್ಯೆಗಳನ್ನು ಕನ್ನಡದ ಹೆಸರುಗಳಲ್ಲಿ, ಸಾಧ್ಯವಾದರೆ ಅವರವರ ಭಾವಚಿತ್ರದ ಸಹಿತ ಸೇರಿಸುವುದು.

ಊ) ಪರದೆಗೆ ಬೀಗ ಹಾಕುವುದು. ಈ ಬೀಗದ ಸಂಖ್ಯೆ ತಮ್ಮ ಜನ್ಮವರ್ಷವಾಗಲಿ 1234 ಆಗಲಿ ಆಗಿರಬಾರದು.

ಋ) ರಕ್ತದ ಗುಂಪು, ಅಲರ್ಜಿ ಇರುವ ಔಷಧಿ ಹಾಗೂ ಮನೆಯವರ ಸಂಖ್ಯೆಯನ್ನು ತುರ್ತು ಮಾಹಿತಿಯಲ್ಲಿ ತುಂಬುವುದು. ದಾರಿಯಲ್ಲಿ ತಮಗೆ ಅಸ್ವಸ್ಥತೆ ಉಂಟಾದರೆ ನೆರವಿಗೆ ಬಂದವರು ಬೀಗ ತೆರೆಯದೆಯೇ ಇದನ್ನು ಓದಬಹುದು.

5. ಬೆರಳಿನ ಅಭ್ಯಾಸ

ಹಳೆಯ ಗುಂಡಿಯನ್ನು ಬಲವಾಗಿ ಒತ್ತಬೇಕಾಗಿತ್ತು. ಈ ಪರದೆಗೆ ಬಲ ಬೇಕಾಗಿಲ್ಲ. ಬೆರಳಿನ ಚರ್ಮ ತಾಗಿದಾಗ ಪರದೆಯ ಮೇಲಿನ ಸೂಕ್ಷ್ಮ ವಿದ್ಯುದಂಶದಲ್ಲಾಗುವ ಬದಲಾವಣೆಯನ್ನು ಫೋನ್ ಗ್ರಹಿಸುತ್ತದೆ. ಆದ್ದರಿಂದಲೇ ಉಗುರು ತಾಗಿದರೆ ಅದು ಸ್ಪಂದಿಸುವುದಿಲ್ಲ. ವಯಸ್ಸಾದವರ ಬೆರಳ ತುದಿ ಒಣಗಿರುವಾಗಲೂ ಕೆಲವೊಮ್ಮೆ ಸ್ಪಂದಿಸುವುದಿಲ್ಲ. ಇದು ತಮ್ಮ ತಪ್ಪಲ್ಲ. ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯ ಮೆತ್ತನೆಯ ಭಾಗದಿಂದ ಮೆಲ್ಲಗೆ ತಟ್ಟಿ ತೆಗೆದರೆ ಸಾಕು. ಬೆರಳನ್ನು ಹಾಗೆಯೇ ಇಟ್ಟುಕೊಂಡರೆ ಫೋನ್ ಅದನ್ನು ಬೇರೆ ಆಜ್ಞೆಯೆಂದು ತಿಳಿದು ಬೇರೆ ಪಟ್ಟಿಯನ್ನು ತೆರೆಯುತ್ತದೆ.

ಕೈ ನಡುಗುವವರು ಫೋನನ್ನು ಮೇಜಿನ ಮೇಲಿಟ್ಟು ಬಳಸಬಹುದು. ಅಕ್ಷರ ಒತ್ತಲು ಕಷ್ಟವಾದರೆ ಮೈಕಿನ ಚಿತ್ರವನ್ನು ಮುಟ್ಟಿ ಕನ್ನಡದಲ್ಲಿ ಮಾತನಾಡಿದರೆ ಮಾತು ಅಕ್ಷರವಾಗಿ ಮೂಡುತ್ತದೆ. ಕೆಲವು ಕೀಲಿಮಣೆಗಳಲ್ಲಿ ಬೆರಳಿನಿಂದ ಕನ್ನಡ ಅಕ್ಷರಗಳನ್ನು ಬರೆಯುವ ಅನುಕೂಲವೂ ಇರುತ್ತದೆ.

6. ಮೂರು ವಾರಗಳ ಅಭ್ಯಾಸ ಕ್ರಮ

ಮೊದಲ ವಾರ: ಕರೆ ಮಾಡುವುದು, ಸ್ವೀಕರಿಸುವುದು ಮತ್ತು ಮುಗಿಸುವುದು. ಫೋನ್ ಬೀಗ ಹಾಕಿದ ಸ್ಥಿತಿಯಲ್ಲಿದ್ದಾಗ ಕರೆ ಬಂದರೆ ಅನೇಕ ಫೋನುಗಳಲ್ಲಿ ಹಸಿರು ಗುರುತನ್ನು ಬೆರಳಿನಿಂದ ಸರಿಸಬೇಕಾಗುತ್ತದೆ. ಫೋನ್ ಬಳಕೆಯಲ್ಲಿರುವಾಗ ಕರೆ ಬಂದರೆ ಅದೇ ಗುರುತನ್ನು ತಟ್ಟಬೇಕಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಅನೇಕರು ಕರೆ ತಪ್ಪಿಸಿಕೊಳ್ಳುತ್ತಾರೆ. ಮನೆಯವರು ಪಕ್ಕದ ಕೋಣೆಯಿಂದ ದಿನಕ್ಕೆ ಐದಾರು ಬಾರಿ ಕರೆ ಮಾಡಿ ಅಭ್ಯಾಸ ಮಾಡಿಸಬೇಕು.

ಎರಡನೆಯ ವಾರ: ವೀಡಿಯೊ ಕರೆ, ಚಿತ್ರ ತೆಗೆಯುವುದು ಮತ್ತು ಧ್ವನಿ ಸಂದೇಶ ಕಳುಹಿಸುವುದು. ಔಷಧಿಯ ಪಟ್ಟಿಯ ಮೇಲಿರುವ ಸಣ್ಣ ಅಕ್ಷರಗಳನ್ನು ಕ್ಯಾಮೆರಾದಿಂದ ಚಿತ್ರ ತೆಗೆದು ಎರಡು ಬೆರಳುಗಳಿಂದ ಹಿಗ್ಗಿಸಿ ಓದುವುದು ಉತ್ತಮ ಅಭ್ಯಾಸವಾಗಿದೆ.

ಮೂರನೆಯ ವಾರ: ಫೋನ್ ಹಿಡಿದು ಮನೆಯಿಂದ ಹೊರಗೆ ಹೋಗುವುದು. ಮಹದೇವಪುರದವರಿಗೆ ಇದಕ್ಕೆ ಅನುಕೂಲವಾದ ಪಾಠಶಾಲೆಯೆಂದರೆ ಮೆಟ್ರೋ ರೈಲು. ವೈಟ್‌ಫೀಲ್ಡ್ (ಕಾಡುಗೋಡಿ)ಯಿಂದ ಕೃಷ್ಣರಾಜಪುರದವರೆಗಿನ ನೇರಳೆ ಮಾರ್ಗವು 2023ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಮೂಲಕ ನಗರದ ಇತರ ಭಾಗಕ್ಕೆ ಜೋಡಣೆಯಾಯಿತು. ನಕ್ಷೆಯ ಆಪ್‌ನಲ್ಲಿ ಗರುಡಾಚಾರ್‌ಪಾಳ್ಯ ನಿಲ್ದಾಣವನ್ನು ಹುಡುಕಿ ಅಲ್ಲಿಗೆ ಹೋಗುವುದು, ಅಲ್ಲಿಂದ ಸಿಂಗಯ್ಯನಪಾಳ್ಯದ ಮೂಲಕ ಕೃಷ್ಣರಾಜಪುರಕ್ಕೆ ಹೋಗಿ ಹಿಂತಿರುಗುವುದು, ತಲುಪಿದ ಕೂಡಲೇ ಮನೆಗೆ ಒಂದು ಚಿತ್ರ ಕಳುಹಿಸುವುದು, ಇಷ್ಟು ಸಾಕು. ಮೊದಲ ಸಲ ಟಿಕೆಟನ್ನು ಕೌಂಟರಿನಲ್ಲಿಯೇ ಪಡೆಯಬಹುದು. ಧೈರ್ಯ ಬಂದ ನಂತರ ಫೋನಿನ ಕ್ಯೂಆರ್ ಟಿಕೆಟ್ ಬಳಸಬಹುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾತನಾಡುವಾಗ ಪರದೆ ಕಪ್ಪಾಗುತ್ತದೆ. ಫೋನ್ ಕೆಟ್ಟಿದೆಯೇ?
ಉತ್ತರ: ಇಲ್ಲ. ಕೆನ್ನೆ ತಾಗಿ ಗುಂಡಿಗಳು ಒತ್ತಿಹೋಗದಿರಲೆಂದು ಫೋನ್ ಕಿವಿಯ ಬಳಿ ಬಂದಾಗ ತಾನಾಗಿ ಪರದೆಯನ್ನು ಆರಿಸುತ್ತದೆ. ಕಿವಿಯಿಂದ ದೂರ ಹಿಡಿದರೆ ಪುನಃ ಬೆಳಗುತ್ತದೆ.

ಪ್ರಶ್ನೆ: ಬ್ಯಾಂಕಿಗೆ ಕರೆ ಮಾಡಿದಾಗ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಾರೆ. ಅಂಕಿಗಳೇ ಕಾಣುವುದಿಲ್ಲವಲ್ಲ?
ಉತ್ತರ: ಫೋನನ್ನು ಕಿವಿಯಿಂದ ತೆಗೆದು, ಪರದೆಯಲ್ಲಿ ಚುಕ್ಕಿಗಳ ಗುಂಪಿನಂತಿರುವ ಕೀಪ್ಯಾಡ್ ಚಿತ್ರವನ್ನು ತಟ್ಟಿದರೆ ಅಂಕಿಗಳು ಕಾಣಿಸುತ್ತವೆ. ಸ್ಪೀಕರ್ ಹಾಕಿಕೊಂಡರೆ ಇನ್ನೂ ಸುಲಭ.

ಪ್ರಶ್ನೆ: ಕರೆಗಳು ಬರುವುದೇ ನಿಂತುಹೋಗಿವೆ. ಏನು ಮಾಡಬೇಕು?
ಉತ್ತರ: ಪಕ್ಕದ ಗುಂಡಿ ಒತ್ತಿಹೋಗಿ ಶಬ್ದ ನಿಂತಿರಬಹುದು, ಅಥವಾ ವಿಮಾನದ ಚಿತ್ರವಿರುವ ಏರೋಪ್ಲೇನ್ ಮೋಡ್ ಚಾಲನೆಯಲ್ಲಿರಬಹುದು. ಇವೆರಡನ್ನೂ ನೋಡಿ, ಸರಿಹೋಗದಿದ್ದಲ್ಲಿ ಫೋನನ್ನು ಒಮ್ಮೆ ಆರಿಸಿ ಪುನಃ ಚಾಲನೆ ಮಾಡಬೇಕು.

ಪ್ರಶ್ನೆ: ಗೊತ್ತಿಲ್ಲದ ಪರದೆಯೊಂದು ತೆರೆದುಕೊಂಡರೆ?
ಉತ್ತರ: ಏನನ್ನೂ ಒಪ್ಪಿಕೊಳ್ಳದೆ ಹಿಂದಕ್ಕೆ ಹೋಗುವ ಗುರುತನ್ನು ಬಳಸಬೇಕು. ಮೊದಲ ಪರದೆಗೆ ಬಂದರೆ ಮನೆಯ ಬಾಗಿಲಿಗೆ ಬಂದಂತೆ. ಅಲ್ಲಿಂದ ಮತ್ತೆ ಆರಂಭಿಸಬಹುದು.

8. ಹಣ ಪಾವತಿ ಕಲಿಯುವವರಿಗೆ

2016ರಲ್ಲಿ ಜಾರಿಗೆ ಬಂದ ಯುಪಿಐ ವ್ಯವಸ್ಥೆಯಿಂದ ತರಕಾರಿ ಅಂಗಡಿಯಲ್ಲಿಯೂ ಫೋನಿನ ಮೂಲಕ ಹಣ ನೀಡಬಹುದಾಗಿದೆ. ಇದನ್ನು ಬಳಸಲಿಚ್ಛಿಸುವವರು ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

ಅ) ಪಿಂಚಣಿ ಮತ್ತು ಠೇವಣಿ ಇರುವ ಖಾತೆಯನ್ನು ಫೋನಿಗೆ ಜೋಡಿಸುವ ಬದಲು ಬೇರೊಂದು ಉಳಿತಾಯ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾಗುವಷ್ಟು ಹಣವನ್ನು ಮಾತ್ರ ಅದರಲ್ಲಿಟ್ಟು ಬಳಸುವುದು. ಆಗ ಈ ಖಾತೆಯಿಂದ ಆಗಬಹುದಾದ ನಷ್ಟ ಸಾಮಾನ್ಯವಾಗಿ ಆ ಮೊತ್ತವನ್ನು ಮೀರುವುದಿಲ್ಲ.

ಆ) ಯುಪಿಐ ಪಿನ್ ಎಂಬುದು ಹಣ ತೆಗೆಯುವ ಚೀಟಿಯ ಮೇಲಿನ ಸಹಿಗೆ ಸಮ. ಹಣ ಕೊಡುವಾಗ ಹಾಗೂ ಖಾತೆಯ ಶಿಲ್ಕು ನೋಡುವಾಗ ಇದು ಬೇಕಾಗುತ್ತದೆ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಹಣ ಕಳುಹಿಸುತ್ತೇವೆ, ಪಿನ್ ಒತ್ತಿ ಎನ್ನುವವರು ವಂಚಕರೇ ಆಗಿರುತ್ತಾರೆ.

ಇ) ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಓದಬೇಕು. ಹಿಂದೆ ಸಾಲಿನಲ್ಲಿ ನಿಂತವರು ಕಾಯಲಿ, ಚಿಂತೆಯಿಲ್ಲ.

ಈ) ಪಿನ್ ಅನ್ನು ಫೋನಿನಲ್ಲಿಯಾಗಲಿ ಅದರ ಕವಚದ ಹಿಂದೆಯಾಗಲಿ ಬರೆದಿಡಬಾರದು. ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ತಿಳಿಸಬಾರದು.

9. ವಂಚನೆಯನ್ನು ಗುರುತಿಸುವ ಬಗೆ

ವಂಚನೆಯ ಕಥೆಗಳು ದಿನೇ ದಿನೇ ಬದಲಾಗುತ್ತವೆ. ಇಂದು ರಾತ್ರಿ ವಿದ್ಯುತ್ ಸಂಪರ್ಕ ಕಡಿತವಾಗುತ್ತದೆ ಎನ್ನುತ್ತಾರೆ. ಜೀವಂತ ಪ್ರಮಾಣ ಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ ಎನ್ನುತ್ತಾರೆ. ತಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾರೆ. ಮೊಮ್ಮಗನ ಧ್ವನಿಯನ್ನೇ ಅನುಕರಿಸಿ ಅಪಘಾತವಾಗಿದೆ, ಹಣ ಕಳುಹಿಸಿ ಎಂದು ಅಳುವುದೂ ಇಂದಿನ ತಂತ್ರಜ್ಞಾನದಿಂದ ಸಾಧ್ಯವಾಗಿದೆ. ಕಥೆ ಯಾವುದಾದರೂ ಇವುಗಳಲ್ಲಿ ಮೂರು ಅಂಶಗಳು ಸಾಮಾನ್ಯವಾಗಿರುತ್ತವೆ: ಭಯ ಅಥವಾ ಆಸೆ ಹುಟ್ಟಿಸುವುದು, ಕೂಡಲೇ ಮಾಡಿ ಎಂದು ಅವಸರಪಡಿಸುವುದು, ಯಾರಿಗೂ ಹೇಳಬೇಡಿ ಎಂದು ಒಂಟಿಯಾಗಿಸುವುದು.

ಡಿಜಿಟಲ್ ಅರೆಸ್ಟ್ ಎಂಬ ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಪೊಲೀಸ್ ಸಮವಸ್ತ್ರ ಧರಿಸಿದವರು ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, ಕರೆ ಕಡಿತಗೊಳಿಸದೆ ಕೋಣೆಯಲ್ಲಿಯೇ ಇರಬೇಕೆಂದು ಬೆದರಿಸಿ, ತನಿಖೆಗಾಗಿ ಹಣ ವರ್ಗಾಯಿಸುವಂತೆ ಹೇಳುತ್ತಾರೆ. ಭಾರತದ ಕಾನೂನಿನಲ್ಲಿ ಇಂತಹ ಬಂಧನ ಎಂಬುದೇ ಇಲ್ಲ. ಪೊಲೀಸರಾಗಲಿ ನ್ಯಾಯಾಲಯವಾಗಲಿ ಫೋನಿನಲ್ಲಿ ಬಂಧಿಸುವುದಿಲ್ಲ, ತನಿಖೆಗೆಂದು ಹಣವನ್ನೂ ವರ್ಗಾಯಿಸಿಕೊಳ್ಳುವುದಿಲ್ಲ.

ಇಂತಹ ಕರೆ ಬಂದಾಗ ಮಾಡಬೇಕಾದುದು ಇಷ್ಟೇ. ಕರೆ ಕಡಿತಗೊಳಿಸುವುದು, ಫೋನನ್ನು ಮೇಜಿನ ಮೇಲೆ ಕವುಚಿ ಇಡುವುದು, ಒಂದು ಲೋಟ ನೀರು ಕುಡಿಯುವುದು, ಅನಂತರ ತಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ತಾವೇ ಕರೆ ಮಾಡುವುದು. ವಿದ್ಯುತ್ ವಿಷಯವಾದರೆ ಬೆಸ್ಕಾಂ ಸಂಖ್ಯೆ 1912, ಬ್ಯಾಂಕಿನ ವಿಷಯವಾದರೆ ತಮ್ಮ ಶಾಖೆ, ಮೊಮ್ಮಗನ ವಿಷಯವಾದರೆ ಮೊಮ್ಮಗನೇ. ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಗುಟ್ಟಿನ ಪದವನ್ನು ಮೊದಲೇ ನಿಶ್ಚಯಿಸಿಕೊಂಡರೆ ನಕಲಿ ಧ್ವನಿಯನ್ನು ಕೂಡಲೇ ಪತ್ತೆಹಚ್ಚಬಹುದು.

ವಾಟ್ಸಾಪ್‌ನಲ್ಲಿ ಬರುವ ಮದುವೆ ಆಮಂತ್ರಣ, ಸಂಚಾರ ದಂಡದ ಚೀಟಿ ಮುಂತಾದವುಗಳ ಹೆಸರು ಎಪಿಕೆ ಎಂದು ಕೊನೆಗೊಂಡಿದ್ದರೆ ತೆರೆಯಬಾರದು. ಅದು ಪತ್ರವಲ್ಲ, ಫೋನಿನೊಳಗೆ ಸೇರಿಕೊಳ್ಳುವ ತಂತ್ರಾಂಶ. ಪರದೆಯನ್ನು ದೂರದಿಂದ ನೋಡುವ ಆಪ್ ಹಾಕಿಕೊಳ್ಳಿ ಎನ್ನುವ ಅಪರಿಚಿತರ ಮಾತನ್ನೂ ಕೇಳಬಾರದು.

10. ಹಣ ಹೋದಲ್ಲಿ ಅಥವಾ ಫೋನ್ ಕಳೆದಲ್ಲಿ

ಹಣ ಹೋದುದು ತಿಳಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಹಾಗೂ ತಮ್ಮ ಬ್ಯಾಂಕಿಗೆ ಕರೆ ಮಾಡತಕ್ಕದ್ದು. ಆತುರ ಸಲ್ಲುವ ಸಂದರ್ಭ ಇದೊಂದೇ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಾರೆ. ಅದನ್ನು ಹಿಂಪಡೆಯುವ ಮೊದಲೇ ದೂರು ತಲುಪಿದರೆ ದಾರಿಯಲ್ಲಿ ತಡೆಹಿಡಿಯುವ ಅವಕಾಶವಿರುತ್ತದೆ. ಮಕ್ಕಳು ಬೈದಾರು, ಜನ ನಕ್ಕಾರು ಎಂಬ ಸಂಕೋಚದಿಂದ ಒಂದು ರಾತ್ರಿ ಸುಮ್ಮನಿದ್ದರೂ ಆ ಅವಕಾಶ ತಪ್ಪಿಹೋಗಬಹುದು. ಸುಶಿಕ್ಷಿತರೂ ಉನ್ನತ ಹುದ್ದೆಯಲ್ಲಿದ್ದವರೂ ಇಂತಹ ಬಲೆಗೆ ಬಿದ್ದಿದ್ದಾರೆ. ಇದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ.

ಫೋನ್ ಕಳೆದುಹೋದಲ್ಲಿ ಬೇರೆ ಫೋನಿನಿಂದ ದೂರಸಂಪರ್ಕ ಕಂಪನಿಗೆ ತಿಳಿಸಿ ಸಿಮ್ ನಿಲ್ಲಿಸಬೇಕು, ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಬೇಕು, ಪೊಲೀಸರಿಗೆ ದೂರು ನೀಡಬೇಕು. ಆ ಬಳಿಕ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಸಂಖ್ಯೆ ನೀಡಿದರೆ ಆ ಫೋನನ್ನು ಬೇರೆಯವರು ಬಳಸದಂತೆ ನಿರ್ಬಂಧಿಸಬಹುದಾಗಿದೆ.

11. ಪಿಂಚಣಿದಾರರಿಗೆ: ಮನೆಯಿಂದಲೇ ಜೀವಂತ ಪ್ರಮಾಣ ಪತ್ರ

2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ಯೋಜನೆಯಲ್ಲಿ ಮೊದಲು ಸಾಮಾನ್ಯವಾಗಿ ಬೆರಳಚ್ಚು ನೀಡಬೇಕಾಗಿತ್ತು. ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುವುದರಿಂದ ಅನೇಕರ ಬೆರಳಚ್ಚನ್ನು ಯಂತ್ರ ಗುರುತಿಸುತ್ತಿರಲಿಲ್ಲ. 2021ರಿಂದ ಸ್ಮಾರ್ಟ್ ಫೋನಿನ ಕ್ಯಾಮೆರಾ ಮುಂದೆ ಮುಖ ತೋರಿಸಿ ಪ್ರಮಾಣ ಪತ್ರ ಸಲ್ಲಿಸುವ ಅನುಕೂಲ ದೊರೆತಿದೆ. ಆಧಾರ್ ಸಂಖ್ಯೆ, ಪಿಂಚಣಿ ಪಾವತಿ ಆದೇಶದ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಸಿದ್ಧವಾಗಿರಬೇಕು. ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಪರದೆ ಸೂಚಿಸಿದಾಗ ಕಣ್ಣು ಮಿಟುಕಿಸಬೇಕು. ಒಂದೇ ಫೋನಿನಿಂದ ಮನೆಯ ಹಾಗೂ ನೆರೆಯ ಹಲವು ಪಿಂಚಣಿದಾರರು ಸಲ್ಲಿಸಬಹುದು.

ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್‌ನಲ್ಲಿ, 80 ವರ್ಷ ಮೇಲ್ಪಟ್ಟವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಕಾರ್ಮಿಕರ ಭವಿಷ್ಯನಿಧಿಯ ಪಿಂಚಣಿದಾರರು ವರ್ಷದ ಯಾವುದೇ ದಿನ ಸಲ್ಲಿಸಬಹುದಾಗಿದ್ದು, ಅದು ಒಂದು ವರ್ಷ ಸಿಂಧುವಾಗಿರುತ್ತದೆ. ಇತರರು ಈ ಕ್ರಮ ತಮಗೆ ಅನ್ವಯಿಸುವುದೇ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

12. ಸ್ಮಾರ್ಟ್ ಫೋನ್ ಇಲ್ಲದೆಯೂ ದೊರೆಯುವ ಸೇವೆಗಳು

ಕಲಿಯಲು ಇಷ್ಟವಿಲ್ಲದವರು, ದೃಷ್ಟಿ ಅಥವಾ ಆರೋಗ್ಯದ ಕಾರಣ ಬಳಸಲಾಗದವರು ಹಿಂಜರಿಯಬೇಕಾಗಿಲ್ಲ. 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳಲ್ಲಿ ವಿದ್ಯುತ್, ನೀರು ಮುಂತಾದ ಬಿಲ್ಲುಗಳನ್ನು ಪಾವತಿಸಬಹುದು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಜೀವಂತ ಪ್ರಮಾಣ ಪತ್ರ ಮಾಡಿಕೊಡುತ್ತಾರೆ. 70 ವರ್ಷ ಮೇಲ್ಪಟ್ಟವರಿಗೆ ಮನೆಬಾಗಿಲಿನಲ್ಲಿ ಮೂಲ ಬ್ಯಾಂಕಿಂಗ್ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ತಮ್ಮ ಶಾಖೆಯಲ್ಲಿ ಈ ಬಗ್ಗೆ ವಿಚಾರಿಸಬಹುದು.

13. ಕಲಿಸುವ ಮನೆಯವರಿಗೆ ಸೂಚನೆಗಳು

ಅ) ಹಿರಿಯರ ಕೈಯಿಂದ ಫೋನನ್ನು ಕಿತ್ತುಕೊಂಡು ತಾವೇ ಮಾಡಿ ತೋರಿಸಬಾರದು. ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಮಾಡಿಸಬೇಕು. ಕಣ್ಣಿಗೆ ಕಂಡುದು ಮರೆಯುತ್ತದೆ, ಕೈ ಮಾಡಿದುದು ಉಳಿಯುತ್ತದೆ.

ಆ) ಒಂದು ದಿನಕ್ಕೆ ಒಂದು ಪಾಠ ಸಾಕು. ಅದನ್ನು ಹಿರಿಯರೇ ತಮ್ಮ ಮಾತಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಇ) ಅದೇ ಪ್ರಶ್ನೆಯನ್ನು ಹತ್ತನೆಯ ಬಾರಿ ಕೇಳಿದರೂ ಸಿಡುಕಬಾರದು. ಮನೆಯವರ ಸಿಡುಕಿಗೆ ಅಂಜಿದ ಹಿರಿಯರು ವಂಚಕರ ಕರೆ ಬಂದಾಗಲೂ ಮನೆಯವರನ್ನು ಕೇಳುವುದಿಲ್ಲ. ಸಿಹಿಯಾಗಿ ಮಾತನಾಡುವ ಅಪರಿಚಿತರ ಮಾತನ್ನೇ ನಂಬುತ್ತಾರೆ.

ಈ) ಹಿರಿಯರ ಪಿನ್ ಅವರಿಗೆ ಮಾತ್ರ ತಿಳಿದಿರಲಿ. ನೆರವು ನೀಡುವ ನೆಪದಲ್ಲಿ ಅವರ ಹಣದ ಮೇಲಿನ ಹಿಡಿತವನ್ನು ಕೈಗೆ ತೆಗೆದುಕೊಳ್ಳಬಾರದು.

14. ನೆನಪಿಡಬೇಕಾದ ಸಂಖ್ಯೆಗಳು

ತುರ್ತು ನೆರವು: 112
ಆಂಬುಲೆನ್ಸ್: 108
ಸೈಬರ್ ಅಪರಾಧ ಸಹಾಯವಾಣಿ: 1930
ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567
ಬೆಸ್ಕಾಂ ಸಹಾಯವಾಣಿ: 1912

ಈ ಸಂಖ್ಯೆಗಳನ್ನು ಫೋನಿನಲ್ಲಿ ಸೇರಿಸುವುದರ ಜೊತೆಗೆ ದಪ್ಪ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳುವುದು ಸೂಕ್ತ. ಫೋನಿನ ಚಾರ್ಜ್ ಮುಗಿದಾಗಲೂ ಗೋಡೆಯ ಮೇಲಿನ ಬರಹ ಉಳಿದಿರುತ್ತದೆ. ಡಯಲ್ ದೂರವಾಣಿಯ ಕಾಲದಲ್ಲಿ ಪ್ರತಿ ಮನೆಯೂ ಉಪಕರಣದ ಪಕ್ಕದಲ್ಲಿ ಒಂದು ಸಂಖ್ಯೆಗಳ ಪುಸ್ತಕವನ್ನು ಇರಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಹಳೆಯ ಅಭ್ಯಾಸವನ್ನು ಹೊಸ ಫೋನಿನೊಂದಿಗೂ ಮುಂದುವರಿಸುವಂತೆ ಕೋರಲಾಗಿದೆ.